ಹಾರ್ಟ್ ಫೇಲ್ಯೂರ್ ಇರುವವರಿಗೆ ಮರೆವು, ಮಂಕು ಜಾಸ್ತಿ ಆಗುತ್ತದಾ?

ದಾವಣಗೆರೆಯ ಮಗಳು:
ಎಲ್ಲರಿಗೂ ನಮಸ್ಕಾರ. ಅಪ್ಪಾಜಿಗೆ 67 ವರ್ಷ. ಹೋದ ವರ್ಷ ಹಾರ್ಟ್ ಅಟ್ಯಾಕ್ ಆಗಿ ಸ್ಟೆಂಟ್ ಹಾಕಿಸಿದ್ದೇವೆ. ಆಮೇಲೆ ಮಾಡಿಸಿದ ಇಕೋ ಅನ್ನುವ ಹೃದಯದ ಸ್ಕ್ಯಾನ್‌ನಲ್ಲಿ ಪಂಪಿಂಗ್ 30 ಪರ್ಸೆಂಟ್ ಅಂತ ಬಂತು. ಹಾರ್ಟ್ ಫೇಲ್ಯೂರ್‌ಗೆ, ಅಂದರೆ ಹೃದಯ ಸೋತು ರಕ್ತ ಸರಿಯಾಗಿ ತಳ್ಳಲಾಗದ್ದಕ್ಕೆ, ಮಾತ್ರೆ ನಡೆಯುತ್ತಿದೆ. ಕಾಲಿನ ಊತ, ದಮ್ಮು ಎರಡೂ ಈಗ ಹತೋಟಿಯಲ್ಲಿವೆ.

ನನ್ನ ಚಿಂತೆ ಬೇರೆ. ಅಪ್ಪಾಜಿ ರೈಸ್ ಮಿಲ್‌ನಲ್ಲಿ ಲೆಕ್ಕ ಬರೆಯುತ್ತಿದ್ದವರು. ಕ್ಯಾಲ್ಕುಲೇಟರ್ ಮುಟ್ಟುತ್ತಿರಲಿಲ್ಲ. ಈಗ ಹಾಲಿನವನ ತಿಂಗಳ ಲೆಕ್ಕ ಕೂಡಿಸಲು ಅರ್ಧ ಗಂಟೆ ಕೂರುತ್ತಾರೆ, ಆದರೂ ತಪ್ಪುತ್ತದೆ. ಕೇಳಿದ್ದನ್ನೇ ಮತ್ತೆ ಕೇಳುತ್ತಾರೆ. ಮೊನ್ನೆ ಬೆಳಗಿನ ಮಾತ್ರೆ ನುಂಗಿ, ಸ್ವಲ್ಪ ಹೊತ್ತು ಬಿಟ್ಟು ಅದನ್ನೇ ಮತ್ತೆ ನುಂಗಲು ಹೊರಟಿದ್ದರು. ಕೆಲವು ದಿನ ಮೊದಲಿನ ಹಾಗೇ ಚುರುಕು. ಕೆಲವು ದಿನ ಪೂರ್ತಿ ಮಂಕು.

ಹಾರ್ಟ್ ಡಾಕ್ಟರ್ ಹತ್ತಿರ ಹೇಳಿದರೆ "ವಯಸ್ಸಾಯ್ತಲ್ಲಮ್ಮ" ಅಂದರು. ಹೃದಯಕ್ಕೂ ಇದಕ್ಕೂ ಸಂಬಂಧ ಇದೆಯಾ? ನ್ಯೂರಾಲಜಿಸ್ಟ್ ಹತ್ತಿರ ಹೋಗಬೇಕಾ? ಗೊತ್ತಿರುವವರು ದಯವಿಟ್ಟು ಹೇಳಿ.

ಹಾಸನದ ಗೌಡ:
ಅರವತ್ತಕ್ಕೆ ಅರಳು ಮರಳು ಅಂತ ಹಿರಿಯರು ಸುಮ್ನೆ ಹೇಳಿಲ್ಲ ತಂಗಿ. ಅವರಿಗೆ 67. ಸ್ವಲ್ಪ ಮರೆವು ಇದ್ದೇ ಇರುತ್ತದೆ. ಎಲ್ಲವನ್ನೂ ಕಾಯಿಲೆ ಮಾಡಬೇಡಿ.

ವಾರ್ಡ್ ಸಿಸ್ಟರ್ ಮೈಸೂರು:
ಗೌಡ್ರೇ, ಈ ಮಾತಿನಿಂದಲೇ ಎಷ್ಟೋ ಮನೆಗಳಲ್ಲಿ ತಡವಾಗುತ್ತದೆ. ನಾನು ಹೃದಯದ ವಾರ್ಡ್‌ನಲ್ಲಿ ಕೆಲಸ ಮಾಡುವವಳು. ಹಾರ್ಟ್ ಫೇಲ್ಯೂರ್ ಇರುವವರಲ್ಲಿ ಈ ಮಂಕು ಬಹಳ ಸಾಮಾನ್ಯ, ಐವತ್ತರ ಒಳಗಿನವರಲ್ಲೂ ನೋಡಿದ್ದೇನೆ. ಡಿಸ್ಚಾರ್ಜ್ ದಿನ ಮಾತ್ರೆ ಬಗ್ಗೆ ಹೇಳಿಕೊಡುತ್ತೇವೆ, ತಲೆ ಆಡಿಸುತ್ತಾರೆ. ಹತ್ತು ನಿಮಿಷ ಬಿಟ್ಟು ಕೇಳಿದರೆ ಒಂದೂ ನೆನಪಿರುವುದಿಲ್ಲ. ಮನೆಯವರು "ಹಠ, ಮಾತು ಕೇಳಲ್ಲ" ಅಂತ ಬೈಯುತ್ತಾರೆ. ಅದು ಹಠ ಅಲ್ಲ.

ಮಗಳೇ, ನಿಮ್ಮ ಅನುಮಾನ ಸರಿ ಇದೆ. ಬಿಡಬೇಡಿ.

ಹೃದಯ ವಿಭಾಗದ ಪಿಜಿ:
ಸಿಸ್ಟರ್ ಹೇಳಿದ್ದು ನಿಜ. ಸ್ವಲ್ಪ ಉದ್ದ ಬರೆಯುತ್ತೇನೆ, ಯಾಕಂದ್ರೆ ಇದನ್ನು ಒಪಿಡಿಯಲ್ಲಿ ಬಿಡಿಸಿ ಹೇಳಲು ನಮಗೆ ಯಾರಿಗೂ ಸಮಯ ಸಿಗುವುದಿಲ್ಲ.

ಮೆದುಳಿನ ತೂಕ ಮೈತೂಕದ ನೂರಕ್ಕೆ 2 ಭಾಗ. ಆದರೆ ದೇಹ ಬಳಸುವ ಆಮ್ಲಜನಕದಲ್ಲಿ ಸುಮಾರು 20 ಭಾಗ ಅದಕ್ಕೇ ಬೇಕು. ಆರಾಮಾಗಿ ಕೂತಿರುವಾಗ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತ ತಳ್ಳುತ್ತದೆ, ಅದರಲ್ಲಿ 700 ಮಿಲಿಲೀಟರ್‌ನಷ್ಟು ಮೆದುಳಿಗೆ. ಬಿಪಿ ಸ್ವಲ್ಪ ಏರಿದರೂ ಇಳಿದರೂ ಮೆದುಳು ತನ್ನ ರಕ್ತನಾಳಗಳನ್ನು ಹಿಗ್ಗಿಸಿ, ಕುಗ್ಗಿಸಿ ಈ ಹರಿವನ್ನು ಕಾಪಾಡಿಕೊಳ್ಳುತ್ತದೆ. ಪಂಪಿಂಗ್ ತಿಂಗಳುಗಟ್ಟಲೆ ಕಡಿಮೆ ಇದ್ದಾಗ ಈ ಹೊಂದಾಣಿಕೆಯೂ ಸೋಲುತ್ತದೆ. ತೀವ್ರ ಹಾರ್ಟ್ ಫೇಲ್ಯೂರ್‌ನಲ್ಲಿ ಮೆದುಳಿನ ರಕ್ತದ ಹರಿವು ಸುಮಾರು ಮೂರನೇ ಒಂದು ಭಾಗದಷ್ಟು ತಗ್ಗುವುದನ್ನು ಅಳೆದು ನೋಡಿದ್ದಾರೆ. ಹೃದಯ ಕಸಿ ಆದ ಮೇಲೆ ಅದೇ ಹರಿವು ಮತ್ತೆ ಏರಿದ್ದನ್ನೂ ನೋಡಿದ್ದಾರೆ.

ಇಷ್ಟೇ ಅಲ್ಲ. ಹೃದಯಕ್ಕೆ ವಾಪಸ್ ಬರಬೇಕಾದ ರಕ್ತ ಕಟ್ಟಿಕೊಂಡರೆ ಕತ್ತಿನ ರಕ್ತನಾಳದಲ್ಲಿ ಒತ್ತಡ ಏರುತ್ತದೆ. ಆಗ ಮೆದುಳಿನಿಂದ ರಕ್ತ ಹೊರಗೆ ಹೋಗುವುದೂ ಕಷ್ಟ. ಸೋತ ಹೃದಯದೊಳಗೆ ಸಣ್ಣ ಹೆಪ್ಪುಗಳು ಕಟ್ಟಿ ಮೆದುಳಿಗೆ ಹೋಗಬಹುದು, ಅದರಲ್ಲೂ ಏಟ್ರಿಯಲ್ ಫಿಬ್ರಿಲೇಶನ್ ಅನ್ನುವ ತಾಳ ತಪ್ಪಿದ ಬಡಿತ ಇದ್ದರೆ. ದೊಡ್ಡ ಹೆಪ್ಪಾದರೆ ಸ್ಟ್ರೋಕ್. ಚಿಕ್ಕವಾದರೆ ಯಾರಿಗೂ ಗೊತ್ತಾಗದೆ ಅಲ್ಲಲ್ಲಿ ಚುಕ್ಕೆ ಗಾಯ, ಎಂಆರ್‌ಐ ಮಾಡಿದಾಗಷ್ಟೇ ಕಾಣುತ್ತದೆ.

ಹೊಡೆತ ಮೊದಲು ಬೀಳುವುದು ಗಮನ, ವೇಗ, ಯೋಜನೆ, ಹೊಸ ನೆನಪು ಇವುಗಳ ಮೇಲೆ. ಹಳೆಯ ಕಥೆ ಎಲ್ಲಾ ನೆನಪಿರುತ್ತದೆ, ಬೆಳಗಿನ ಮಾತ್ರೆ ನೆನಪಿರುವುದಿಲ್ಲ. ನೆನಪಿಗೆ ಮುಖ್ಯವಾದ ಹಿಪೊಕ್ಯಾಂಪಸ್ ಭಾಗ ಆಮ್ಲಜನಕದ ಕೊರತೆಯನ್ನು ತಾಳಿಕೊಳ್ಳುವುದಿಲ್ಲ, ಅದು ಒಂದು ಕಾರಣ. ಇದು ಹೊಸ ವಿಷಯವೂ ಅಲ್ಲ. 1977ರಲ್ಲೇ ಲ್ಯಾನ್ಸೆಟ್ ಪತ್ರಿಕೆ ಹೃದಯದಿಂದ ಬರುವ ಡಿಮೆನ್ಶಿಯಾ, ಅಂದರೆ ನೆನಪು ಬುದ್ಧಿ ಕುಂದುವ ಕಾಯಿಲೆಯ ಬಗ್ಗೆ ಸಂಪಾದಕೀಯ ಬರೆದಿತ್ತು. ಎಷ್ಟು ಜನರಿಗೆ ಈ ತೊಂದರೆ ಅನ್ನುವುದಕ್ಕೆ 25ರಿಂದ 75 ಪರ್ಸೆಂಟ್‌ವರೆಗೆ ಬೇರೆ ಬೇರೆ ಲೆಕ್ಕಗಳಿವೆ. ಯಾವ ಟೆಸ್ಟ್, ಎಂಥ ರೋಗಿಗಳು ಅನ್ನುವುದರ ಮೇಲೆ ಹೋಗುತ್ತದೆ.

ಭದ್ರಾ ನಾಲೆ ರೈತ:
ಈಗ ಅರ್ಥ ಆಯ್ತು ಸರ್. ನಾಲೆಗೆ ನೀರು ಕಡಿಮೆ ಬಿಟ್ಟರೆ ಮೊದಲು ಒಣಗುವುದು ನಮ್ಮಂಥ ಕೊನೆ ಭಾಗದವರ ಗದ್ದೆ. ಹಾಗೇ ಅಲ್ವಾ?

ಹೃದಯ ವಿಭಾಗದ ಪಿಜಿ:
ಹತ್ತಿರ ಇದೆ. ಎರಡು ದೊಡ್ಡ ರಕ್ತನಾಳಗಳ ಕೊನೆ ಸೇರುವ ಜಾಗಗಳಿಗೇ ಹರಿವು ತಗ್ಗಿದಾಗ ಜಾಸ್ತಿ ಪೆಟ್ಟು.

ತುಮಕೂರು 572:
ಪಂಪಿಂಗ್ 30 ಅಂದ್ರೆ ಹೃದಯ 70 ಪರ್ಸೆಂಟ್ ಹೋಗಿದೆ ಅಂತಾನಾ? ನಮ್ಮ ಚಿಕ್ಕಪ್ಪನಿಗೂ ಹಾಗೇ ಹೇಳಿದ್ದಾರೆ, ಮನೆಯಲ್ಲಿ ಎಲ್ಲರೂ ಅಳುತ್ತಿದ್ದಾರೆ.

ವಾರ್ಡ್ ಸಿಸ್ಟರ್ ಮೈಸೂರು:
ಅಲ್ಲ. ಒಂದು ಬಡಿತಕ್ಕೆ ಒಳಗಿರುವ ರಕ್ತದಲ್ಲಿ ಎಷ್ಟು ಭಾಗ ಹೊರಗೆ ಹೋಗುತ್ತದೆ ಅನ್ನುವ ಲೆಕ್ಕ ಅದು. ಗಟ್ಟಿಮುಟ್ಟಾದವರಲ್ಲೂ 100 ಇರುವುದಿಲ್ಲ, 55ರಿಂದ 70ರ ಒಳಗೆ ಇರುತ್ತದೆ. 30 ಕಡಿಮೆಯೇ, ಆದರೆ ಸರಿಯಾದ ಮಾತ್ರೆಯಿಂದ 40 ದಾಟಿದವರೂ ಇದ್ದಾರೆ. ಚಿಕ್ಕಪ್ಪನ ಮುಂದೆ ಅಳಬೇಡಿ.

ಇನ್ನೊಂದು ವಿಷಯ. ಪಂಪಿಂಗ್ ಸರಿ ಇದ್ದೂ ಹೃದಯ ಗಟ್ಟಿಯಾಗಿ, ಹಿಗ್ಗದೆ ಫೇಲ್ಯೂರ್ ಆಗುವುದೂ ಇದೆ. ಬಿಪಿ, ಶುಗರ್ ಇರುವ ವಯಸ್ಸಾದ ಹೆಂಗಸರಲ್ಲಿ ಇದು ಜಾಸ್ತಿ. ಅವರಲ್ಲೂ ಮಂಕು ಬರುತ್ತದೆ.

ಧಾರವಾಡದ ಇತಿಹಾಸ ಮಾಸ್ತರ:
ಚರ್ಚೆ ಸ್ವಲ್ಪ ಆಚೆ ಹೋದರೂ ಹೇಳುತ್ತೇನೆ. ಅಮೆರಿಕದ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್‌ಗೆ 1944ರ ಮಾರ್ಚ್‌ನಲ್ಲಿ ಹೋವರ್ಡ್ ಬ್ರೂಯನ್ ಎಂಬ ಹೃದಯ ತಜ್ಞರು ಪರೀಕ್ಷೆ ಮಾಡಿ ಹಾರ್ಟ್ ಫೇಲ್ಯೂರ್ ಇದೆ ಎಂದು ಕಂಡುಕೊಂಡರು. ಡಿಜಿಟಾಲಿಸ್ ಅನ್ನುವ ಹೃದಯದ ಔಷಧಿ ಶುರು ಮಾಡಿದರು. ಜನರಿಗೆ ಇದನ್ನು ಹೇಳಲಿಲ್ಲ. ಅದೇ ವರ್ಷ ಚುನಾವಣೆ ಗೆದ್ದರು. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ಚರ್ಚಿಲ್, ಸ್ಟಾಲಿನ್ ಜೊತೆ ಕೂತು ಯುರೋಪಿನ ಮುಂದಿನ ಗತಿ ತೀರ್ಮಾನ ಮಾಡಿದರು. ಆಗ ಅವರ ಬುದ್ಧಿ ಎಷ್ಟು ಚುರುಕಾಗಿತ್ತು ಅಂತ ಇವತ್ತಿಗೂ ಇತಿಹಾಸಕಾರರು ಜಗಳ ಆಡುತ್ತಾರೆ. ಚರ್ಚಿಲ್ಲರ ಡಾಕ್ಟರ್ ಲಾರ್ಡ್ ಮೋರನ್, ರೂಸ್‌ವೆಲ್ಟ್ ಬಹಳ ಕಾಯಿಲೆಯ ಮನುಷ್ಯನಂತೆ ಕಾಣುತ್ತಿದ್ದರು ಎಂದು ಬರೆದಿಟ್ಟಿದ್ದಾರೆ. ಒಬ್ಬರ ಹೃದಯದ ಕಾಯಿಲೆ ಇಡೀ ಜಗತ್ತಿಗೆ ತಟ್ಟುತ್ತದೆ.

ಹೃದಯ ವಿಭಾಗದ ಪಿಜಿ:
ಮಾಸ್ತರೇ, ಆ ಉದಾಹರಣೆಯಲ್ಲಿ ಮುಖ್ಯ ಖಳ ಬಿಪಿ. ತೀರಿಕೊಂಡ ದಿನ, 1945ರ ಏಪ್ರಿಲ್ 12ರಂದು, ಅವರ ಬಿಪಿ 300/190 ಇತ್ತು. ಸತ್ತಿದ್ದು ಮೆದುಳಿನಲ್ಲಿ ರಕ್ತಸ್ರಾವ ಆಗಿ. ಅಂದು ಬಿಪಿ ಇಳಿಸುವ ಒಳ್ಳೆಯ ಮಾತ್ರೆಯೇ ಇರಲಿಲ್ಲ. ಅಷ್ಟು ವರ್ಷ ಏರಿದ ಬಿಪಿ ಹೃದಯವನ್ನೂ ಮೆದುಳನ್ನೂ ಒಟ್ಟಿಗೇ ಹಾಳು ಮಾಡುತ್ತದೆ. ಯಾಲ್ಟಾದಲ್ಲಿ ಜೊತೆಗಿದ್ದ ಕೆಲವರು ಅವರ ಬುದ್ಧಿ ಸರಿಯಾಗೇ ಇತ್ತು ಅಂತಲೂ ಬರೆದಿದ್ದಾರೆ.

ಧಾರವಾಡದ ಇತಿಹಾಸ ಮಾಸ್ತರ:
ಬಿಪಿ ಮಾತು ಒಪ್ಪಿದೆ. ಆದರೂ ಹೃದಯ ಸೋತಿತ್ತು ಅನ್ನುವುದು ಸುಳ್ಳಲ್ಲವಲ್ಲ.

ಶಿರಸಿಯ ಅಡಿಕೆ ತೋಟ:
ಇತಿಹಾಸ ಬದಿಗಿಡಿ. ನಮ್ಮ ಮನೆಯಲ್ಲಿ ಆದದ್ದು ಹೇಳುತ್ತೇನೆ, ಯಾರಿಗಾದರೂ ಉಪಯೋಗ ಆದೀತು.

ನಮ್ಮನೆಯವರಿಗೂ ಹಾರ್ಟ್ ಫೇಲ್ಯೂರ್. ನೀರಿನ ಮಾತ್ರೆ, ಅಂದರೆ ಮೈಯಲ್ಲಿ ನಿಂತ ನೀರನ್ನು ಮೂತ್ರದಲ್ಲಿ ಕಳಿಸುವ ಮಾತ್ರೆಯ ಡೋಸ್ ಜಾಸ್ತಿ ಮಾಡಿದ್ದರು. ಒಂದು ವಾರದಲ್ಲಿ ಮಾತು ತೊದಲು ತೊದಲು. ರಾತ್ರಿ ಎದ್ದು ಕೂತು, ತೀರಿಹೋದ ಅಣ್ಣನ ಹತ್ತಿರ ಮಾತಾಡುತ್ತಿದ್ದರು. ನನ್ನನ್ನೇ ಯಾರು ಅಂತ ಕೇಳಿದರು. ಅಕ್ಕಪಕ್ಕದವರು ಗಾಳಿ ಸೋಕಿದೆ, ತೆಂಗಿನಕಾಯಿ ಒಡೆಸಿ ಅಂದರು. ಮಗ ಕೇಳದೆ ಗಾಡಿ ಮಾಡಿ ಆಸ್ಪತ್ರೆಗೆ ಕರೆದುಕೊಂಡು ಹೋದ. ರಕ್ತದಲ್ಲಿ ಸೋಡಿಯಂ 118. ಇರಬೇಕಾದ್ದು 135ರಿಂದ 145 ಅಂತೆ. ಐಸಿಯುನಲ್ಲಿಟ್ಟು ನಿಧಾನ ಏರಿಸಿದರು. ಏರಿದ ಹಾಗೆ ಮನುಷ್ಯ ಮೊದಲಿನ ಹಾಗೆ ಆದರು. ಈಗ ಪೇಪರ್ ಓದಿ ನಮಗೇ ರಾಜಕೀಯ ಹೇಳುತ್ತಾರೆ.

ತುಮಕೂರು 572:
ಸೋಡಿಯಂ ಕಡಿಮೆ ಅಂದ್ರೆ ಉಪ್ಪು ಜಾಸ್ತಿ ತಿನ್ನಿಸಿದರೆ ಆಯ್ತಲ್ಲ?

ಹೃದಯ ವಿಭಾಗದ ಪಿಜಿ:
ದಯವಿಟ್ಟು ಬೇಡ!! ಇದು ಬಹಳ ಕಡೆ ನಡೆಯುತ್ತದೆ, ಅದಕ್ಕೇ ಜೋರಾಗಿ ಹೇಳುತ್ತಿದ್ದೇನೆ. ಹಾರ್ಟ್ ಫೇಲ್ಯೂರ್‌ನಲ್ಲಿ ಸೋಡಿಯಂ ಇಳಿಯುವುದು ಹೆಚ್ಚಿನ ಸಲ ಉಪ್ಪು ಕಡಿಮೆಯಾಗಿ ಅಲ್ಲ, ಮೈಯಲ್ಲಿ ನೀರು ಜಾಸ್ತಿ ನಿಂತು ರಕ್ತ ತೆಳುವಾಗಿ. ಆಗ ಉಪ್ಪು ತಿಂದರೆ ಮತ್ತಷ್ಟು ನೀರು ನಿಂತು ದಮ್ಮು ಏರುತ್ತದೆ. ನೀರಿನ ಮಾತ್ರೆಯಿಂದ ನಿಜಕ್ಕೂ ಸೋಡಿಯಂ ಹೋಗಿರುವುದೂ ಉಂಟು. ಯಾವುದು ಅಂತ ಡಾಕ್ಟರ್ ನೋಡಿಯೇ ಹೇಳಬೇಕು. ತುಂಬಾ ಬೇಗ ಏರಿಸಿದರೆ ಮೆದುಳಿಗೇ ಶಾಶ್ವತ ಪೆಟ್ಟು, ಅದಕ್ಕೇ ಶಿರಸಿಯವರಿಗೆ ಐಸಿಯುನಲ್ಲಿ ನಿಧಾನ ಮಾಡಿದ್ದು.

ಶಿರಸಿ ಅಕ್ಕನ ಮನೆಯಲ್ಲಿ ಆದದ್ದನ್ನು ಎಲ್ಲರೂ ನೆನಪಿಡಿ. ತಿಂಗಳುಗಟ್ಟಲೆ ನಿಧಾನ ಬರುವ ಮಂಕು ಬೇರೆ. ಒಂದೆರಡು ದಿನದಲ್ಲಿ ತಲೆಕೆಟ್ಟ ಹಾಗೆ ಆಡಿದರೆ ಬೇರೆ. ಎರಡನೆಯದಕ್ಕೆ ಸೋಡಿಯಂ, ಕಿಡ್ನಿ, ಸೋಂಕು, ಆಮ್ಲಜನಕ, ಶುಗರ್ ಹೀಗೆ ಏನೋ ಒಂದು ಕಾರಣ ಇರುತ್ತದೆ, ಅದೇ ದಿನ ಹೋಗಬೇಕು. ಬಾಯಿ ಸೊಟ್ಟ, ಒಂದು ಕೈಕಾಲು ಸೋಲು, ಮಾತು ತೊದಲು ಇದ್ದರೆ ಸ್ಟ್ರೋಕ್ ಇರಬಹುದು. 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಇಂಜೆಕ್ಷನ್‌ಗೆ ಸಮಯ ನಾಲ್ಕೂವರೆ ಗಂಟೆಯೊಳಗೆ ಮಾತ್ರ.

ಮೆಡಿಕಲ್ ಶಾಪ್ ಅಣ್ಣ:
ನನ್ನ ಕೌಂಟರ್ ಕಡೆಯಿಂದ ಒಂದಿಷ್ಟು. ಹಾರ್ಟ್ ಫೇಲ್ಯೂರ್ ಇರುವವರು ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳಿಕೊಂಡು ಬರುತ್ತಾರೆ. ಅದು ನೀರು ನಿಲ್ಲಿಸುತ್ತದೆ, ಕಿಡ್ನಿಗೂ ಪೆಟ್ಟು. ನಾನು ಕೊಡಲ್ಲ ಅಂದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ನಿದ್ದೆಗೆ ಆಲ್ಪ್ರಜೋಲಂ, ನೆಗಡಿಗೆ ಅವಿಲ್ ತಿಂದು ವಯಸ್ಸಾದವರು ದಿನವಿಡೀ ಮಂಪರಲ್ಲಿ ಇರುತ್ತಾರೆ, ಮನೆಯವರು ಮರೆವು ಅಂದುಕೊಳ್ಳುತ್ತಾರೆ. ಡಿಗಾಕ್ಸಿನ್ ಅನ್ನುವ ಹೃದಯದ ಮಾತ್ರೆ ಮೈಯಲ್ಲಿ ಜಾಸ್ತಿಯಾದರೆ ವಾಂತಿ, ಗೊಂದಲ, ಕಣ್ಣಿಗೆ ಹಳದಿ ಹಳದಿ. ಹಾಗೆ ಅನಿಸಿದರೆ ತಕ್ಷಣ ಡಾಕ್ಟರಿಗೆ ಹೇಳಿ.

ಲೋ ಸೋಡಿಯಂ ಉಪ್ಪು ಅಂತ ಪ್ಯಾಕೆಟ್ ಬರುತ್ತದಲ್ಲ, ಅದರಲ್ಲಿ ಪೊಟ್ಯಾಸಿಯಂ ಇರುತ್ತದೆ. ಸ್ಪೈರೊನೊಲ್ಯಾಕ್ಟೋನ್ ಅನ್ನುವ ಮಾತ್ರೆ ಪೊಟ್ಯಾಸಿಯಂ ಅನ್ನು ಮೈಯಲ್ಲೇ ಉಳಿಸುತ್ತದೆ, ಅದನ್ನು ತಿನ್ನುವವರು ಕೇಳದೆ ಬಳಸಬಾರದು. ಎಳನೀರೂ ಹಾಗೇ.

ಉಜಿರೆ ಭಟ್ಟರು:
ಇಷ್ಟೆಲ್ಲಾ ಮಾತ್ರೆ ಮೇಲೆ ಮಾತ್ರೆ. ಬ್ರಾಹ್ಮಿ, ಶಂಖಪುಷ್ಪಿ ಅಂತ ನಮ್ಮಲ್ಲಿ ಸಾವಿರಾರು ವರ್ಷದಿಂದ ಇದೆ. ಒಂದೆಲಗದ ತಂಬುಳಿ ಮಾಡಿ ಕೊಡಿ ತಂಗಿ, ತಲೆ ತಂಪಾಗುತ್ತದೆ.

ವಾರ್ಡ್ ಸಿಸ್ಟರ್ ಮೈಸೂರು:
ತಂಬುಳಿಗೆ ನನ್ನ ವಿರೋಧ ಇಲ್ಲ, ಉಪ್ಪು ಕಡಿಮೆ ಹಾಕಿ. ಪುಡಿ, ಗುಳಿಗೆ, ಕಷಾಯ ಅಂತ ಶುರು ಮಾಡಿದರೆ ಮಾತ್ರ ನನಗೆ ಭಯ. ಕೆಮ್ಮಿನ ಕಷಾಯದಲ್ಲಿ ಅತಿಮಧುರ ಹಾಕುತ್ತಾರೆ. ಅದನ್ನು ದಿನಾ ಕುಡಿದರೆ ನೀರು ನಿಲ್ಲುತ್ತದೆ, ಪೊಟ್ಯಾಸಿಯಂ ಇಳಿಯುತ್ತದೆ, ಬಡಿತ ತಾಳ ತಪ್ಪುತ್ತದೆ. ಸೋತ ಹೃದಯಕ್ಕೆ ಮೂರೂ ಅಪಾಯ.

ಉಜಿರೆ ಭಟ್ಟರು:
ನಾನು ಹೇಳಿದ್ದು ಬ್ರಾಹ್ಮಿ, ಅತಿಮಧುರ ಅಲ್ಲ. ಎಲ್ಲವನ್ನೂ ಒಂದೇ ಗೋಣಿಗೆ ಹಾಕಬೇಡಿ.

ವಾರ್ಡ್ ಸಿಸ್ಟರ್ ಮೈಸೂರು:
ಸರಿ. ಬ್ರಾಹ್ಮಿಯನ್ನೂ ಡಾಕ್ಟರ್ ಮುಂದೆ ಇಟ್ಟು ಕೇಳಿ ಕೊಡಲಿ. ಮುಚ್ಚಿಡಬಾರದು, ಅಷ್ಟೇ.

ಬೆಂಗಳೂರು ಜಯನಗರ 52:
ನಾನೇ ರೋಗಿ. 52 ವರ್ಷ. ಎಲ್ಲರೂ ಅಪ್ಪ, ಅತ್ತೆ ಬಗ್ಗೆ ಬರೆಯುತ್ತಿದ್ದೀರಿ. ಒಳಗಿನಿಂದ ಹೇಗಿರುತ್ತದೆ ಅಂತ ಹೇಳುತ್ತೇನೆ.

ಆಫೀಸಿನಲ್ಲಿ ಮೀಟಿಂಗ್ ನಡೆಯುತ್ತಿರುತ್ತದೆ. ಮಾತು ಕಿವಿಗೆ ಬೀಳುತ್ತದೆ, ಒಳಗೆ ಇಳಿಯುವುದಿಲ್ಲ. ಇಬ್ಬರು ಒಟ್ಟಿಗೆ ಮಾತಾಡಿದರೆ ಕೈಬಿಟ್ಟುಬಿಡುತ್ತೇನೆ. ಅದರ ಜೊತೆಗೆ ಯಾವುದೂ ಬೇಡ ಅನ್ನುವ ಬೇಸರ. ಸಂಗೀತ ಕೇಳುತ್ತಿದ್ದೆ, ಅದೂ ಬೇಡ. ಮನೆಯವರಿಗೆ ಮರೆವು ಕಾಣುತ್ತದೆ, ಬೇಸರ ಕಾಣುವುದಿಲ್ಲ. ಕೊನೆಗೆ ನನ್ನ ಡಾಕ್ಟರೇ ಕೇಳಿದರು. ಖಿನ್ನತೆ ಅಂದರು. ಅದಕ್ಕೆ ಚಿಕಿತ್ಸೆ ತೆಗೆದುಕೊಂಡ ಮೇಲೆ ತಲೆಯೂ ಅರ್ಧದಷ್ಟು ತಿಳಿಯಾಯಿತು.

ಹಾಸನದ ಗೌಡ:
ಧೈರ್ಯ ತಂದುಕೊಳ್ಳಿ ಸರ್. ಮನಸ್ಸು ಗಟ್ಟಿ ಮಾಡಿದರೆ ಎಲ್ಲಾ ಸರಿ ಹೋಗುತ್ತದೆ.

ಬೆಂಗಳೂರು ಜಯನಗರ 52:
ಗೌಡ್ರೇ, ನೀವು ಒಳ್ಳೆಯದಕ್ಕೇ ಹೇಳುತ್ತಿದ್ದೀರಿ. ಆದರೆ ಧೈರ್ಯ ಇಲ್ಲದ್ದಕ್ಕೆ ಬಂದದ್ದಲ್ಲ ಇದು. ಹೃದಯಕ್ಕೆ ಯಾರೂ ಧೈರ್ಯ ತಂದುಕೋ ಅನ್ನಲ್ಲ, ಮಾತ್ರೆ ಕೊಡುತ್ತಾರೆ. ಮೆದುಳಿಗೂ ಅದೇ ನ್ಯಾಯ ಬೇಕು.

ಹೃದಯ ವಿಭಾಗದ ಪಿಜಿ:
ಇದನ್ನು ನೂರು ಸಲ ಓದಬೇಕು. ಹಾರ್ಟ್ ಫೇಲ್ಯೂರ್ ಇರುವ ಸುಮಾರು ಐದರಲ್ಲಿ ಒಬ್ಬರಿಗೆ ಖಿನ್ನತೆ ಇರುತ್ತದೆ. ನಮ್ಮ ದೇಶದಲ್ಲಿ ಈ ಕಾಯಿಲೆ ಪಶ್ಚಿಮದ ದೇಶಗಳಿಗಿಂತ ಸುಮಾರು ಹತ್ತು ವರ್ಷ ಮೊದಲೇ ಬರುತ್ತದೆ. ಅಂದರೆ ದುಡಿಯುವ ವಯಸ್ಸಿನವರಿಗೆ. ಎಲ್ಲದಕ್ಕೂ "ವಯಸ್ಸಾಯ್ತು" ಅನ್ನುವ ಉತ್ತರ ಇಲ್ಲಿ ನಡೆಯುವುದಿಲ್ಲ.

ನ್ಯೂಜೆರ್ಸಿ ಕನ್ನಡಿಗ:
ಇಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದವರು 2023ರಲ್ಲಿ ಪ್ರಕಟಿಸಿದ ಸಂಶೋಧನೆ ಬಗ್ಗೆ ಓದಿದ್ದೆ. ಹಾರ್ಟ್ ಫೇಲ್ಯೂರ್ ಇರುವ ಇಲಿಗಳ ಹಿಪೊಕ್ಯಾಂಪಸ್‌ನ ನರಕೋಶಗಳಲ್ಲಿ ಕ್ಯಾಲ್ಸಿಯಂ ಸೋರಿಕೆ ಕಂಡುಬಂತು. ಕ್ಯಾಲ್ಸಿಯಂ ಬಿಡುವ ರಯನೊಡೀನ್ ರಿಸೆಪ್ಟರ್ ಅನ್ನುವ ಬಾಗಿಲು ಸರಿಯಾಗಿ ಮುಚ್ಚುತ್ತಿರಲಿಲ್ಲ. ಸೋರಿಕೆ ನಿಲ್ಲಿಸುವ ಔಷಧಿ ಕೊಟ್ಟಾಗ ಇಲಿಗಳ ನೆನಪು ಸುಧಾರಿಸಿತು. ಅಂದರೆ ರಕ್ತ ಕಡಿಮೆ ಅನ್ನುವುದೊಂದೇ ಕಾರಣ ಅಲ್ಲ, ಸೋತ ಹೃದಯ ಹುಟ್ಟಿಸುವ ಒತ್ತಡದ ಹಾರ್ಮೋನು, ಉರಿಯೂತ ಇವೂ ಮೆದುಳಿನ ಕೋಶವನ್ನೇ ಕೆಡಿಸುತ್ತವೆ.

ಇನ್ನೊಂದು ಕೇಳಬೇಕು. ಅಮ್ಮನಿಗೆ ಹಾರ್ಟ್ ಫೇಲ್ಯೂರ್‌ಗೆ ಸಕುಬಿಟ್ರಿಲ್ ವಲ್ಸಾರ್ಟನ್ ಅನ್ನುವ ಮಾತ್ರೆ ಕೊಟ್ಟಿದ್ದಾರೆ. ಅದು ಮೆದುಳಿನಲ್ಲಿ ಅಮಿಲಾಯ್ಡ್ ಅನ್ನುವ ಪ್ರೋಟೀನ್ ಹೆಚ್ಚಿಸಿ ಆಲ್ಜೈಮರ್ ತರುತ್ತದೆ ಅಂತ ಯಾರೋ ವಿಡಿಯೋದಲ್ಲಿ ಹೇಳುತ್ತಿದ್ದರು. ನಿಲ್ಲಿಸಲಾ?

ಹೃದಯ ವಿಭಾಗದ ಪಿಜಿ:
ನಿಲ್ಲಿಸಬೇಡಿ. ಆ ಭಯ ಎಲ್ಲಿಂದ ಬಂತು ಅಂದರೆ, ಆ ಮಾತ್ರೆ ತಡೆಯುವ ನೆಪ್ರಿಲೈಸಿನ್ ಕಿಣ್ವ ಅಮಿಲಾಯ್ಡನ್ನೂ ಒಡೆಯುತ್ತದೆ. ಅದಕ್ಕೇ ಬೇಕೆಂದೇ ಪರೀಕ್ಷೆ ಮಾಡಿದರು. ಪರ್ಸ್ಪೆಕ್ಟಿವ್ ಅನ್ನುವ ಟ್ರಯಲ್‌ನ ಫಲಿತಾಂಶ 2022ರಲ್ಲಿ ಬಂತು. ಸುಮಾರು ಮೂರು ವರ್ಷ ನೋಡಿದರೂ ಬರೀ ವಲ್ಸಾರ್ಟನ್ ತಿಂದವರಿಗೂ ಇವರಿಗೂ ಬುದ್ಧಿಶಕ್ತಿಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊಲಂಬಿಯಾದ್ದು ಒಳ್ಳೆಯ ಕೆಲಸ, ಆದರೆ ಔಷಧಿ ಪರೀಕ್ಷೆ ಆಗಿದ್ದು ಇಲಿಗಳಲ್ಲಿ. ಅಂಗಡಿಯಲ್ಲಿ ಸಿಗುವ ಮಾತ್ರೆ ಅಲ್ಲ ಅದು.

ವಿಡಿಯೋ ನೋಡಿ ಹೃದಯದ ಮಾತ್ರೆ ನಿಲ್ಲಿಸಿ, ದಮ್ಮು ಕಟ್ಟಿ ಎಮರ್ಜೆನ್ಸಿಗೆ ಬರುವವರನ್ನು ನೋಡಿ ನೋಡಿ ಸಂಕಟ ಆಗುತ್ತದೆ.

ದಾವಣಗೆರೆಯ ಮಗಳು:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮುಂದಿನ ಸಲ ಡಾಕ್ಟರ್ ಹತ್ತಿರ ಏನೇನು ಕೇಳಲಿ?

ಹೃದಯ ವಿಭಾಗದ ಪಿಜಿ:
ಸೋಡಿಯಂ, ಪೊಟ್ಯಾಸಿಯಂ, ಕ್ರಿಯಾಟಿನಿನ್, ಹಿಮೋಗ್ಲೋಬಿನ್, ಥೈರಾಯ್ಡ್, ಬಿ12 ನೋಡಿಸಿ. ಸಸ್ಯಾಹಾರಿಗಳಲ್ಲಿ ಬಿ12 ಕೊರತೆ ಬಹಳ. ನೀರಿನ ಮಾತ್ರೆ ತುಂಬಾ ದಿನ ತಿಂದರೆ ಮೂತ್ರದಲ್ಲಿ ಬಿ1 ಹೋಗುತ್ತದೆ, ಅದನ್ನೂ ಪ್ರಸ್ತಾಪಿಸಿ. ಬಿಪಿಯನ್ನು ಕೂತಾಗ ಒಮ್ಮೆ, ಎದ್ದು ನಿಂತ ಮೇಲೆ ಒಮ್ಮೆ ನೋಡಲು ಹೇಳಿ. ನಿಂತಾಗ ತುಂಬಾ ಇಳಿದರೆ ಮೆದುಳಿಗೆ ಅಷ್ಟು ಹೊತ್ತು ರಕ್ತ ಸಾಲುತ್ತಿಲ್ಲ ಅಂತ. ಆಗ ಮಾತ್ರೆಯ ಸಮಯ, ಡೋಸ್ ಬದಲಿಸಬಹುದು. ಮಂಕು ಇರುವ ದಿನಗಳನ್ನು ಬರೆದಿಟ್ಟು ತೋರಿಸಿ, ಜೊತೆಗೆ ಆ ದಿನದ ತೂಕ ಮತ್ತು ಬಿಪಿ. ಆಗ "ವಯಸ್ಸು" ಅನ್ನುವುದು ಅವರಿಗೂ ಕಷ್ಟ.

ನೆನಪಿನ ಪರೀಕ್ಷೆಯನ್ನು ಕನ್ನಡದಲ್ಲೇ ಮಾಡಲು ಕೇಳಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಸಿದ್ಧಪಡಿಸಿದ ಪರೀಕ್ಷೆ ಕನ್ನಡದಲ್ಲಿ ಇದೆ. ನಿಮ್ಹಾನ್ಸ್ ಜೊತೆ ಸೇರಿ ರಾಜ್ಯ ಸರ್ಕಾರ ಜಿಲ್ಲಾ ಆಸ್ಪತ್ರೆಗಳಲ್ಲಿ ಬ್ರೈನ್ ಹೆಲ್ತ್ ಕ್ಲಿನಿಕ್ ಶುರು ಮಾಡಿದೆ, ಅಲ್ಲಿ ವಿಚಾರಿಸಿ.

ಮೆಡಿಕಲ್ ಶಾಪ್ ಅಣ್ಣ:
ಮಾತ್ರೆಗೆ ವಾರದ ಡಬ್ಬಿ ತನ್ನಿ, ಬೆಳಗ್ಗೆ ರಾತ್ರಿ ಬೇರೆ ಬೇರೆ ಗೂಡು ಇರುತ್ತದೆ. ಖಾಲಿ ಗೂಡು ನೋಡಿದರೆ ನುಂಗಿದ್ದಾರೋ ಇಲ್ಲವೋ ಗೊತ್ತಾಗುತ್ತದೆ. ಮಾತ್ರೆಯನ್ನು ಇನ್ನು ಮೇಲೆ ನೀವೇ ಕೈಗೆ ಕೊಡಿ.

ಬೆಂಗಳೂರು ಜಯನಗರ 52:
ಕೊನೆಯ ಮಾತು ನಾನು ಒಪ್ಪುವುದಿಲ್ಲ. ಎಲ್ಲವನ್ನೂ ಕೈಯಿಂದ ಕಿತ್ತುಕೊಂಡರೆ ಮನುಷ್ಯ ಮತ್ತೂ ಕುಗ್ಗುತ್ತಾನೆ. ವಾರಕ್ಕೊಮ್ಮೆ ಡಬ್ಬಿ ಇಬ್ಬರೂ ಕೂತು ತುಂಬಿಸಿ. ನುಂಗುವುದು ಅವರ ಕೆಲಸ, ಡಬ್ಬಿ ನೋಡುವುದು ನಿಮ್ಮ ಕೆಲಸ.

ವಾರ್ಡ್ ಸಿಸ್ಟರ್ ಮೈಸೂರು:
ಇದೇ ಸರಿ. ಅವರು ಲೆಕ್ಕದವರು ಅಂದಿರಲ್ಲ, ದಿನಾ ಬೆಳಗ್ಗೆ ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮೊದಲು ತೂಕ ನೋಡಿ ಅವರೇ ಪುಸ್ತಕದಲ್ಲಿ ಬರೆಯಲಿ. ಮೂರು ದಿನದಲ್ಲಿ 2 ಕೆಜಿ ಏರಿದರೆ ನೀರು ನಿಲ್ಲುತ್ತಿದೆ ಅಂತ, ಡಾಕ್ಟರಿಗೆ ಫೋನ್ ಮಾಡಿ. ಡಾಕ್ಟರ್ ಒಪ್ಪಿದರೆ ಸಂಜೆ ನಡೆಸಿ. ಉಪ್ಪಿನಕಾಯಿ, ಹಪ್ಪಳ, ಸಂಡಿಗೆ ಹಬ್ಬಕ್ಕೂ ಬೇಡ.

ಉಜಿರೆ ಭಟ್ಟರು:
ಹಬ್ಬಕ್ಕೂ ಬೇಡ ಅಂದರೆ ಬದುಕುವುದು ಯಾಕೆ ಸಿಸ್ಟರ್? ಅರ್ಧ ಹಪ್ಪಳ ಕೊಡಲಿ.

ವಾರ್ಡ್ ಸಿಸ್ಟರ್ ಮೈಸೂರು:
ಹಬ್ಬದ ಮಾರನೇ ದಿನ ನಮ್ಮ ವಾರ್ಡ್ ತುಂಬುವುದನ್ನು ನೀವು ನೋಡಿಲ್ಲ ಭಟ್ಟರೇ. ದಿನಕ್ಕೆ 5 ಗ್ರಾಂ ಉಪ್ಪು ಅಂದರೆ ಒಂದು ಟೀ ಚಮಚ. ಸಾರು, ಪಲ್ಯ, ಮಜ್ಜಿಗೆ ಎಲ್ಲಾ ಸೇರಿ.

ಗದಗಿನ ಸೊಸೆ:
ನಮ್ಮತ್ತೆಗೂ ಹಾರ್ಟ್ ಫೇಲ್ಯೂರ್ ಇದೆ. ರಾತ್ರಿ ಉಸಿರು ಜೋರಾಗಿ, ಆಮೇಲೆ ಸಣ್ಣಗಾಗಿ, ಸ್ವಲ್ಪ ಹೊತ್ತು ನಿಂತೇಹೋಗಿ ಮತ್ತೆ ಶುರು ಆಗುತ್ತದೆ. ಬೆಳಗ್ಗೆ ತಲೆ ಭಾರ, ಹಗಲೆಲ್ಲಾ ತೂಕಡಿಕೆ. ಇದಕ್ಕೂ ಮಂಕಿಗೂ ಸಂಬಂಧ ಇದೆಯಾ?

ಹೃದಯ ವಿಭಾಗದ ಪಿಜಿ:
ಇದೆ. ಡಬ್ಲಿನ್‌ನ ಜಾನ್ ಚೇನ್ 1818ರಲ್ಲಿ, ವಿಲಿಯಂ ಸ್ಟೋಕ್ಸ್ 1854ರಲ್ಲಿ ವಿವರಿಸಿದ ಉಸಿರಾಟದ ರೀತಿ ನೀವು ಹೇಳಿದಂತೆಯೇ ಇರುತ್ತದೆ. ರಕ್ತ ನಿಧಾನ ಸುತ್ತುವುದರಿಂದ ಮೆದುಳಿಗೆ ಇಂಗಾಲದ ಡೈಆಕ್ಸೈಡ್ ಸುದ್ದಿ ತಡವಾಗಿ ಮುಟ್ಟುತ್ತದೆ, ಹಾಗಾಗಿ ಉಸಿರು ಒಮ್ಮೆ ಅತಿಯಾಗಿ, ಒಮ್ಮೆ ನಿಂತು ಹೋಗುತ್ತದೆ. ಗಂಟಲು ಮುಚ್ಚಿಕೊಂಡು ಗೊರಕೆ ಜೊತೆ ನಿಲ್ಲುವುದು ಇನ್ನೊಂದು ಬಗೆ. ಎರಡಕ್ಕೂ ಚಿಕಿತ್ಸೆ ಒಂದೇ ಅಲ್ಲ. ಅತ್ತೆ ಮಲಗಿರುವಾಗ ಐದು ನಿಮಿಷ ಮೊಬೈಲ್‌ನಲ್ಲಿ ವಿಡಿಯೋ ಮಾಡಿ, ಹಾರ್ಟ್ ಡಾಕ್ಟರಿಗೆ ತೋರಿಸಿ. ನಿದ್ದೆ ಮಾತ್ರೆ ಮಾತ್ರ ಯಾರು ಕೊಟ್ಟರೂ ಸದ್ಯಕ್ಕೆ ಬೇಡ.

ಗದಗಿನ ಸೊಸೆ:
ಇವತ್ತು ರಾತ್ರಿಯೇ ಮಾಡುತ್ತೇನೆ. ನಿದ್ದೆಯ ಟೆಸ್ಟ್‌ಗೆ ಯಾವ ವಿಭಾಗದಲ್ಲಿ ಕೇಳಬೇಕು?

ವಾರ್ಡ್ ಸಿಸ್ಟರ್ ಮೈಸೂರು:
ಶ್ವಾಸಕೋಶದ ವಿಭಾಗದಲ್ಲಿ ಕೇಳಿ. ಕೆಲವು ಕಡೆ ಮನೆಗೇ ಯಂತ್ರ ಕೊಟ್ಟು ಕಳಿಸುತ್ತಾರೆ. ಹೋಗುವಾಗ ಇಕೋ ರಿಪೋರ್ಟ್, ಮಾತ್ರೆ ಚೀಟಿ ಎರಡೂ ಜೊತೆಗಿರಲಿ.